ಜಾಲ ಬೆಳೆದ ಬಗೆ



1969ರ ಅಕ್ಟೋಬರ್ 29, ರಾತ್ರಿ ಹತ್ತೂವರೆ ಗಂಟೆ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ ಕಂಪ್ಯೂಟರಿನ ಮುಂದೆ ಕೂತಿದ್ದ. ನೂರಾರು ಕಿಲೋಮೀಟರ್ ದೂರದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ 'ಲಾಗಿನ್' ಎಂದು ಕಳಿಸಬೇಕಿತ್ತು. 'ಎಲ್' ಒತ್ತಿ ಫೋನಿನಲ್ಲಿ ಕೇಳಿದ, ಬಂತು ಎಂದರು. 'ಓ' ಒತ್ತಿದ, ಅದೂ ಬಂತು. 'ಜಿ'ಯ ಹೊತ್ತಿಗೆ ಆ ಕಡೆಯ ಯಂತ್ರವೇ ನಿಂತುಹೋಯಿತು. ಸುಮಾರು ಒಂದು ಗಂಟೆಯಲ್ಲಿ ಸರಿಪಡಿಸಿ ಇಡೀ ಪದ ಕಳಿಸಿದರು. ಇಂದಿನ ಇಂಟರ್ನೆಟ್ಟಿಗೆ ಮೂಲವಾದ ಅರ್ಪಾನೆಟ್‌ನಲ್ಲಿ ಹೋದ ಮೊದಲ ಸಂದೇಶ ಆ 'ಎಲ್', 'ಓ' ಎಂಬ ಎರಡೇ ಅಕ್ಷರ.

ಅಂದು ಹೊಸದಾಗಿದ್ದದ್ದು ತಂತಿಯಲ್ಲ, ಸಾಗಿಸುವ ಕ್ರಮ. ಹಿಂದಿನ ಟ್ರಂಕ್ ಕಾಲ್ ನಿಮಗೆ ನೆನಪಿರಬಹುದು. ಮಾತು ಮುಗಿಯುವ ತನಕ ಇಡೀ ಲೈನು ಇಬ್ಬರಿಗೇ ಮೀಸಲು, ಸುಮ್ಮನಿದ್ದರೂ ಬೇರೆಯವರಿಗೆ ಸಿಗದು. ಕಂಪ್ಯೂಟರುಗಳೋ ಒಂದು ಕ್ಷಣ ಸುರಿದು ಆಮೇಲೆ ಬಹಳ ಹೊತ್ತು ಸುಮ್ಮನಿರುತ್ತವೆ. ಅಮೆರಿಕದ ಪಾಲ್ ಬ್ಯಾರನ್, ಬ್ರಿಟನ್ನಿನ ಡೊನಾಲ್ಡ್ ಡೇವಿಸ್ 1960ರ ದಶಕದಲ್ಲಿ ಬೇರೆ ಬೇರೆಯಾಗಿಯೇ ಒಂದೇ ಉಪಾಯಕ್ಕೆ ಬಂದರು: ಸಂದೇಶವನ್ನು ಚೂರು ಮಾಡಿ, ಪ್ರತಿ ಚೂರಿನ ಮೇಲೂ ವಿಳಾಸ ಬರೆದು ಬಿಟ್ಟುಬಿಡುವುದು. ಅದಕ್ಕೆ 'ಪ್ಯಾಕೆಟ್' ಎಂದು ಹೆಸರಿಟ್ಟವರು ಡೇವಿಸ್. ಕೂಡುದಾರಿಯಲ್ಲಿ ವಿಳಾಸ ನೋಡಿ ಮುಂದಕ್ಕೆ ದಾಟಿಸಲು ಒಂದು ಯಂತ್ರ ಬೇಕಲ್ಲ? ಅರ್ಪಾನೆಟ್‌ನಲ್ಲಿ ಅದು ಫ್ರಿಜ್ಜಿನಷ್ಟು ದೊಡ್ಡದಿತ್ತು. ನಿಮ್ಮ ಮನೆಯ ಗೋಡೆಯ ಮೇಲಿನ ರೌಟರ್ ಅದೇ ವಂಶದ್ದು.

1973ರಲ್ಲಿ ಝೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಒಂದೇ ಕಟ್ಟಡದ ಕಂಪ್ಯೂಟರುಗಳನ್ನು ಜೋಡಿಸಲು ಈಥರ್ನೆಟ್ ರೂಪಿಸಿದರು. ಹವಾಯಿ ದ್ವೀಪಗಳ ನಡುವಿನ ರೇಡಿಯೋ ಜಾಲ ಅವರಿಗೆ ಪ್ರೇರಣೆ.

ಹೀಗೆ ಹಲವು ಜಾಲಗಳು ಹುಟ್ಟಿದವು, ಒಂದರ ರೀತಿ ಇನ್ನೊಂದಕ್ಕೆ ತಿಳಿಯದು. ಇಡೀ ಚರಿತ್ರೆಯಲ್ಲಿ ನಾನು ಅತಿ ದೊಡ್ಡದೆಂದು ನಂಬುವ ಹೆಜ್ಜೆ ಇಲ್ಲಿಯದು. 1974ರಲ್ಲಿ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಒಂದು ಪ್ರಬಂಧ ಪ್ರಕಟಿಸಿದರು. ಅದರ ತಿರುಳು ಇಷ್ಟು: ನಡುವಿನ ಜಾಲವನ್ನು ನಂಬಿ ಕೂರಬೇಡಿ, ಪ್ಯಾಕೆಟ್ ಕಳೆದುಹೋಗಬಹುದು, ಹಿಂದುಮುಂದಾಗಿ ಬರಬಹುದು, ಎಣಿಸಿ, ಜೋಡಿಸಿ, ಬಾರದ್ದನ್ನು ಮತ್ತೆ ತರಿಸಿಕೊಳ್ಳುವ ಹೊಣೆ ಎರಡು ತುದಿಯ ಕಂಪ್ಯೂಟರುಗಳದ್ದು. ಈ ಹೊಣೆ ಹೊತ್ತ ನಿಯಮವೇ ಟಿಸಿಪಿ. ವಿಳಾಸ, ಸಾಗಣೆಯ ನಿಯಮ ಐಪಿ. 1983ರ ಜನವರಿ 1ರಂದು ಅರ್ಪಾನೆಟ್ ಪೂರ್ತಿಯಾಗಿ ಇದಕ್ಕೆ ಬದಲಾಯಿತು. ನಡುವಿನ ಜಾಲದ ಮೇಲೆ ಹೊರೆ ಕಡಿಮೆಯಾದ್ದರಿಂದಲೇ ತಾಮ್ರ, ಗಾಜಿನೆಳೆ, ಉಪಗ್ರಹ, ಮೊಬೈಲು, ಯಾವುದರ ಮೇಲಾದರೂ ಇಂಟರ್ನೆಟ್ ಓಡುತ್ತದೆ.

ಅಂಕಿಯ ವಿಳಾಸ ನೆನಪಿಡುವುದು ಕಷ್ಟ. ಮೊದಮೊದಲು ಎಲ್ಲ ಕಂಪ್ಯೂಟರುಗಳ ಹೆಸರೂ ಸ್ಟ್ಯಾನ್‌ಫರ್ಡ್ ಸಂಸ್ಥೆಯ ಒಂದೇ ಕಡತದಲ್ಲಿದ್ದವು. ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಪಟ್ಟಿ ಕೈಮೀರಿದಾಗ, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅದನ್ನು ಹಲವು ಕಡೆ ಹಂಚಿಡುವ ಡಿಎನ್‌ಎಸ್ ರೂಪಿಸಿದರು.

ಭಾರತದಲ್ಲಿ 1986ರಲ್ಲಿ ಶಿಕ್ಷಣ, ಸಂಶೋಧನಾ ಸಂಸ್ಥೆಗಳನ್ನು ಜೋಡಿಸುವ ಅರ್ನೆಟ್ ಯೋಜನೆ ಶುರುವಾಯಿತು. ಅದರ ಮೊದಲ ಎಂಟು ಸಂಸ್ಥೆಗಳಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಜನಸಾಮಾನ್ಯರಿಗೆ ಸಂಪರ್ಕ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ.

ಹಳೆಯ ಐಪಿ ಕ್ರಮದಲ್ಲಿರುವುದು ಸುಮಾರು 430 ಕೋಟಿ ವಿಳಾಸ. ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಬರಿದಾಯಿತು. ಅದಕ್ಕೇ ಐಪಿ ಆರನೆಯ ಆವೃತ್ತಿ ಬಂದಿದೆ. ಹಳೆಯದೂ ಇನ್ನೂ ನಡೆಯುತ್ತಿದೆ, ಒಂದು ವಿಳಾಸವನ್ನು ಇಡೀ ಮನೆ ಹಂಚಿಕೊಂಡು. ಇಂದು ಬಿಡುವಾದಾಗ ನಿಮ್ಮ ಫೋನಿನ ವೈಫೈ ಸೆಟ್ಟಿಂಗ್ ತೆರೆದು ನೋಡಿ. ಬಹುಶಃ 192.168 ಎಂದು ಶುರುವಾಗುವ ಅಂಕಿ ಕಾಣುತ್ತದೆ. ಅದು ನಿಮ್ಮ ಮನೆಯೊಳಗಿನ ವಿಳಾಸ; ಪಕ್ಕದ ಮನೆಯಲ್ಲೂ ಅದೇ ಇರಬಹುದು. ಹೊರಗಿನ ಜಗತ್ತಿಗೆ ಕಾಣುವ ವಿಳಾಸ ಬೇರೆ, ಅದನ್ನು ಬದಲಿಸಿ ಕಳಿಸುವುದು ಆ ರೌಟರ್.