ಭುಜದ ನೋವಿಗೆ ಆಪರೇಷನ್ ಯಾವಾಗ ಬೇಕು?

(ಸುವರ್ಣ ಮಹೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿ, ಮೂಳೆ ತಜ್ಞರೊಬ್ಬರು ಮಾಡಿದ ಭಾಷಣ)

ನನಗೆ ಪಾಠ ಹೇಳಿದ ಗುರುಗಳೇ, ಊರಿನ ಹಿರಿಯರೇ, ತಾಯಂದಿರೇ, ಇದೇ ಬೆಂಚುಗಳಲ್ಲಿ ನನ್ನ ಪಕ್ಕ ಕೂತಿದ್ದ ಗೆಳೆಯರೇ,

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಗಣಿತದ ಮೇಷ್ಟ್ರು ಹಲವು ತಿಂಗಳು ಬೋರ್ಡಿನ ಕೆಳಗಿನ ಅರ್ಧದಲ್ಲಿ ಮಾತ್ರ ಬರೆಯುತ್ತಿದ್ದರು. ಕೈ ಮೇಲಕ್ಕೆ ಹೋಗುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ನಾವು ನಗುತ್ತಿದ್ದೆವು. ನಮ್ಮ ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೆ ಅವರ ಕೈ ಮತ್ತೆ ಬೋರ್ಡಿನ ತುದಿ ಮುಟ್ಟುತ್ತಿತ್ತು. ಯಾರೂ ಅವರಿಗೆ ಆಪರೇಷನ್ ಮಾಡಿರಲಿಲ್ಲ. ಅದು ಭುಜ ಬಿಗಿದುಕೊಳ್ಳುವ ಕಾಯಿಲೆ, ಫ್ರೋಜನ್ ಶೋಲ್ಡರ್ ಎಂದು ನನಗೆ ತಿಳಿದದ್ದು ಡಾಕ್ಟರಾದ ಮೇಲೆ.

ಭುಜದ ಕೀಲು ಹೇಗಿದೆ ಗೊತ್ತೆ? ದೊಡ್ಡದೊಂದು ಮುದ್ದೆಯನ್ನು ಚಿಕ್ಕ ತಟ್ಟೆಯ ಅಂಚಿಗೆ ಆನಿಸಿದಂತಿದೆ. ಅದಕ್ಕೇ ಕೈ ಎಲ್ಲ ಕಡೆಗೂ ತಿರುಗುತ್ತದೆ, ಅದಕ್ಕೇ ಸುಲಭವಾಗಿ ಜಾರುತ್ತದೆ. ಮುದ್ದೆ ಜಾರದಂತೆ ಹಿಡಿದಿಡುವುದು ಸುತ್ತಲಿನ ನಾಲ್ಕು ಸ್ನಾಯುಗಳ ಪಟ್ಟಿ. (ನಮ್ಮ ಕಡೆ ಇದನ್ನೂ 'ನರ' ಅನ್ನುತ್ತೇವೆ. ನರ ಬೇರೆ, ಇರಲಿ.) ಕಬ್ಬಿನ ಹೊರೆ ಎತ್ತಿ, ಗುದ್ದಲಿ ಹಿಡಿದು ಐವತ್ತು ದಾಟುವಾಗ ಈ ಪಟ್ಟಿ ಸವೆಯುತ್ತದೆ. ತೆಂಗಿನ ಮರದಿಂದಲೋ ಬೈಕಿನಿಂದಲೋ ಬಿದ್ದರೆ ಒಮ್ಮೆಗೇ ಹರಿಯಬಹುದು.

ಈಗ ಎಲ್ಲರ ಬಾಯಲ್ಲಿರುವ 'ಕೀಹೋಲ್ ಆಪರೇಷನ್', ಆರ್ತ್ರೋಸ್ಕೋಪಿ. 1918ರಲ್ಲಿ ಟೋಕಿಯೋದ ಕೆಂಜಿ ಟಕಾಗಿ ಎಂಬ ವೈದ್ಯರು ಮೂತ್ರಕೋಶ ನೋಡುವ ಕೊಳವೆಯನ್ನು ಶವದ ಮಂಡಿಯೊಳಗೆ ಇಳಿಸಿ ನೋಡಿದರು. ಆ ದಾರಿಯಲ್ಲೇ ಬೆಳೆದ ವಿದ್ಯೆ ಇದು. ಇವತ್ತು ಸುಮಾರು 4 ಮಿಲಿಮೀಟರ್ ದಪ್ಪದ ದರ್ಶಕವನ್ನು ಭುಜದೊಳಗೆ ಕಳಿಸಿ, ಉಪ್ಪುನೀರು ತುಂಬಿ ಜಾಗ ಮಾಡಿಕೊಂಡು, ಟಿವಿ ಪರದೆ ನೋಡುತ್ತ ಕೆಲಸ ಮಾಡುತ್ತೇವೆ. ಇನ್ನೆರಡು ಮೂರು ಸಣ್ಣ ತೂತುಗಳಿಂದ ಉಪಕರಣ ಹೋಗುತ್ತವೆ. ಹರಿದ ಪಟ್ಟಿಯನ್ನು ದಾರ ಕಟ್ಟಿದ ಪುಟ್ಟ ಮೊಳೆಯಂಥದ್ದರಿಂದ ಮೂಳೆಗೆ ಬಿಗಿಯುತ್ತೇವೆ. ಗಾಯ ಚಿಕ್ಕದು, ನಿಜ. ಆದರೆ ಒಳಗಿನ ಹೊಲಿಗೆ ಕೂಡಿಕೊಳ್ಳಲು ಚಿಕ್ಕ ಗಾಯದ ಲೆಕ್ಕ ಇಲ್ಲ. ನಾಲ್ಕರಿಂದ ಆರು ವಾರ ಕೈ ಜೋಳಿಗೆಯಲ್ಲೇ ಇರಬೇಕು, ಹೊರೆ ಎತ್ತಲು ಐದಾರು ತಿಂಗಳಾದರೂ ಬೇಕು. ನಾಟಿ ಕಾಲದಲ್ಲಿ ಮಾಡಿಸಿಕೊಂಡು ಕೊಯ್ಲಿಗೆ ಇಳಿಯುತ್ತೇನೆ ಅಂದರೆ ಆಗದು.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಕೈ ಎತ್ತುವಾಗ ಮೇಲಿನ ಮೂಳೆ ಒತ್ತುತ್ತದೆ, ಅದನ್ನು ತುಸು ಉಜ್ಜಿ ತೆಗೆದರೆ ನೋವು ಹೋಗುತ್ತದೆ ಎಂದು ನಮಗೆ ಕಲಿಸಿದ್ದರು. ನಾನೂ ಬಹಳ ಜನಕ್ಕೆ ಮಾಡಿದೆ. ಬ್ರಿಟನ್ನಿನಲ್ಲಿ 313 ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮೂಳೆ ಉಜ್ಜಿದರು, ಇನ್ನೊಂದಕ್ಕೆ ದರ್ಶಕ ಇಳಿಸಿ ನೋಡಿ ಏನೂ ಮಾಡದೆ ಹೊರತೆಗೆದರು, ಮೂರನೆಯದಕ್ಕೆ ಆಪರೇಷನ್ನೇ ಇಲ್ಲ. 2018ರ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು: ಉಜ್ಜಿದವರಿಗೂ ಸುಮ್ಮನೆ ನೋಡಿದವರಿಗೂ ವ್ಯತ್ಯಾಸವಿಲ್ಲ. ಆಪರೇಷನ್ ಇಲ್ಲದವರಿಗಿಂತ ಇವರು ಮೇಲಾದದ್ದೂ ಲೆಕ್ಕಕ್ಕೆ ಬರುವಷ್ಟಲ್ಲ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಓಲೆ ಅಡವಿಟ್ಟು ದುಡ್ಡು ಕಟ್ಟಿದ್ದ ಒಬ್ಬ ತಾಯಿಯ ಮುಖ ಕಣ್ಣ ಮುಂದೆ ಇತ್ತು.

ಇದಕ್ಕೆ ತದ್ವಿರುದ್ಧವಾದದ್ದನ್ನೂ ಕಂಡಿದ್ದೇನೆ. ಮರದಿಂದ ಬಿದ್ದವನೊಬ್ಬ ಒಂದೂವರೆ ವರ್ಷ ಎಣ್ಣೆ ತಿಕ್ಕಿಸಿಕೊಂಡು ಬಂದ. ಅಷ್ಟರಲ್ಲಿ ಹರಿದ ಪಟ್ಟಿ ಒಳಕ್ಕೆ ಸರಿದು, ಸ್ನಾಯು ಕೊಬ್ಬಾಗಿತ್ತು. ಹೊಲಿಯಲು ಏನೂ ಉಳಿದಿರಲಿಲ್ಲ. ಮೊದಲ ಕೆಲವು ವಾರಗಳಲ್ಲೇ ಬಂದಿದ್ದರೆ ಅವನು ಇನ್ನೂ ಮರ ಹತ್ತುತ್ತಿದ್ದನೇನೋ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ನಿಮ್ಮ ಕೈಯನ್ನು ಬೇರೆಯವರು ಮೆಲ್ಲಗೆ ಎತ್ತಲಿ. ಅವರು ಎತ್ತಿದರೂ ಮೇಲೇಳದೆ ಬಿಗಿದಿದ್ದರೆ ಫ್ರೋಜನ್ ಶೋಲ್ಡರ್ ಇರಬಹುದು. ಸಕ್ಕರೆ ಕಾಯಿಲೆಯವರಿಗೆ ಇದು ಹೆಚ್ಚು, ಮೊದಲು ಸಕ್ಕರೆ ನೋಡಿಸಿ. ವ್ಯಾಯಾಮ, ಬೇಕಾದರೆ ಒಂದು ಇಂಜೆಕ್ಷನ್, ಒಂದೆರಡು ವರ್ಷದ ತಾಳ್ಮೆ. ಬಹುಪಾಲು ಜನಕ್ಕೆ ಇಷ್ಟು ಸಾಕು. ಅವರು ಎತ್ತಿದರೆ ಹೋಗುತ್ತದೆ, ನೀವೇ ಎತ್ತಿದರೆ ಆಗುವುದಿಲ್ಲ, ಅದೂ ಬಿದ್ದ ಮೇಲೆ ಶುರುವಾದದ್ದು ಅಂದರೆ ತಡ ಮಾಡಬೇಡಿ. ಹುಡುಗರಿಗೆ ಕಬಡ್ಡಿಯಲ್ಲಿ ಭುಜ ಮತ್ತೆ ಮತ್ತೆ ಜಾರುತ್ತಿದ್ದರೂ ಅಷ್ಟೇ. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಬೆಳ್ಳೂರಿನ ಆದಿಚುಂಚನಗಿರಿ, ಎಲ್ಲ ಕಡೆಯೂ ಮೂಳೆ ವಿಭಾಗವಿದೆ. ಇನ್ನೊಂದು ಮಾತು: ಎಡಭುಜದ ನೋವಿನ ಜೊತೆ ಎದೆ ಹಿಡಿದು ಬೆವರಿದರೆ ಅದು ಭುಜದ್ದಲ್ಲ, ಹೃದಯದ್ದಿರಬಹುದು. ಕೂಡಲೇ ಹತ್ತಿರದ ಆಸ್ಪತ್ರೆಗೆ ಹೋಗಿ.

ಎಂಆರ್‌ಐ ರಿಪೋರ್ಟಿನಲ್ಲಿ 'ಹರಿದಿದೆ' ಎಂದು ಬರೆದ ಮಾತ್ರಕ್ಕೆ ಹೆದರಬೇಡಿ. ಅರವತ್ತು ದಾಟಿದ ಎಷ್ಟೋ ಜನರಲ್ಲಿ ನೋವಿಲ್ಲದೆಯೂ ಹರಿದಿರುತ್ತದೆ. ಆಪರೇಷನ್ ಅಂದವರನ್ನು ಕೇಳಿ: "ಮಾಡಿಸದಿದ್ದರೆ ಏನಾಗುತ್ತೆ ಸ್ವಾಮಿ? ಮೂರು ತಿಂಗಳು ವ್ಯಾಯಾಮ ಮಾಡಿ ನೋಡಬಹುದೆ?" ಹಾಗೆ ಕೇಳಿದರೆ ಒಳ್ಳೆಯ ಡಾಕ್ಟರು ಸಿಟ್ಟಾಗುವುದಿಲ್ಲ.

ಊಟಕ್ಕೆ ಎಲೆ ಹಾಕುತ್ತಿದ್ದಾರೆ. ಭುಜದ ನೋವಿರುವವರು ಊಟವಾದ ಮೇಲೆ ನಮ್ಮ ಹಳೆಯ ಒಂಬತ್ತನೇ ತರಗತಿ ಕೋಣೆಗೆ ಬನ್ನಿ. ಸಂಜೆಯವರೆಗೂ ಅಲ್ಲೇ ಇರುತ್ತೇನೆ. ಹಳೆಯ ರಿಪೋರ್ಟು, ಎಕ್ಸ್‌ರೇ ಇದ್ದರೆ ಮರೆಯದೆ ತನ್ನಿ.