ಸೈಕಲ್ಲೂ ಬಸ್ಸಾರೂ

ಅರವತ್ತೊಂದನೆಯ ವಯಸ್ಸಿನಲ್ಲಿ ಒಬ್ಬ ಮನುಷ್ಯ ಹೊಸದಾಗಿ ಏನನ್ನಾದರೂ ಕಲಿಯಲು ಹೊರಟರೆ ಊರಿನವರಿಗೆ ಎರಡು ಅನುಮಾನಗಳು ಬರುತ್ತವೆ. ಕೈಯಲ್ಲಿದ್ದ ದುಡ್ಡು ಹೋಗಿರಬೇಕು. ಇಲ್ಲವೆ ತಲೆ ಕೆಟ್ಟಿರಬೇಕು. ಕಳೆದ ವರ್ಷ ಜ್ಯೇಷ್ಠ ಮಾಸದ ಒಂದು ಬೆಳಿಗ್ಗೆ ನಾನು ಶಿಡ್ಲಘಟ್ಟದ ಪೇಟೆಯ ಬೀದಿಯಲ್ಲಿ ಸೈಕಲ್ ತುಳಿದುಕೊಂಡು ಹೊರಟಾಗ ಈ ಎರಡು ಅನುಮಾನಗಳೂ ಬೆನ್ನ ಹಿಂದೆ ಕೇಳಿಬಂದವು. "ಏನ್ ಮೇಷ್ಟ್ರೇ, ಸ್ಕೂಟರ್ ಮಾರಿಬಿಟ್ರಾ?" ಎಂದರು ಒಬ್ಬರು. ಇನ್ನೊಬ್ಬರು ಏನೂ ಕೇಳಲಿಲ್ಲ, ಸುಮ್ಮನೆ ನಕ್ಕರು. ಆ ನಗುವೇ ಹೆಚ್ಚು ನಾಟಿತು.

ಅವರ ತಪ್ಪಿಲ್ಲ. ನಮ್ಮೂರಿನಲ್ಲಿ ಸೈಕಲ್ಲು ದುಡಿಯುವ ಎತ್ತು. ಏಷ್ಯಾದ ದೊಡ್ಡ ರೇಷ್ಮೆಗೂಡು ಮಾರುಕಟ್ಟೆಗಳಲ್ಲಿ ಒಂದು ಇಲ್ಲಿದೆ. ಆ ಮಾರುಕಟ್ಟೆಗೆ ಗೂಡಿನ ಮೂಟೆ, ಹುಳುಮನೆಗೆ ಹಿಪ್ಪುನೇರಳೆ ಸೊಪ್ಪಿನ ಹೊರೆ, ಡೇರಿಗೆ ಹಾಲಿನ ಕ್ಯಾನು, ಇವೆಲ್ಲ ಬಹುಕಾಲ ಸೈಕಲ್ಲಿನ ಕ್ಯಾರಿಯರಿನ ಮೇಲೆಯೇ ಸಾಗಿದವು. ಆ ಹೊರೆಯನ್ನೆಲ್ಲ ಮೊಪೆಡ್ಡೂ ಆಟೋಗಳೂ ವಹಿಸಿಕೊಂಡ ಮೇಲೆ ಸೈಕಲ್ಲು ಬಡತನದ ಗುರುತಾಗಿ ಉಳಿದುಬಿಟ್ಟಿತು. ಹೀಗಿರುವಾಗ ಕ್ಯಾರಿಯರಿನಲ್ಲಿ ಏನೂ ಇಲ್ಲದೆ ಒಬ್ಬನು ಹೋಗುತ್ತಿದ್ದು, "ಎಲ್ಲಿಗೆ?" ಎಂದರೆ "ಎಲ್ಲಿಗೂ ಇಲ್ಲ" ಎಂದು ಉತ್ತರ ಕೊಟ್ಟರೆ ಯಾರಿಗೆ ತಾನೇ ಸಂಶಯ ಬರುವುದಿಲ್ಲ? ನಿಮ್ಮಲ್ಲಿ ಯಾರಾದರೂ ಸೈಕಲ್ ಹತ್ತುವ ಯೋಚನೆಯಲ್ಲಿದ್ದರೆ, ಮೊದಲ ಏರು ಇದೇ ಎಂದು ತಿಳಿದಿರಿ. ನಂದಿಬೆಟ್ಟದ ಏರಿಗಿಂತ ಇದು ಕಡಿದು. ಹತ್ತು ದಿನ ತಡೆದುಕೊಂಡರೆ ಸಾಕು. ಹನ್ನೊಂದನೆಯ ದಿನ ಅವರಿಗೆ ಬೇರೆ ಯಾರಾದರೂ ಸಿಗುತ್ತಾರೆ.

ನಾನು ಹತ್ತಿದ್ದು ಖುಷಿಗೆ ಎಂದರೆ ಸುಳ್ಳಾದೀತು. ವೈದ್ಯರು ರಕ್ತ ಪರೀಕ್ಷೆಯ ಚೀಟಿಯನ್ನು ಮುಂದಿಟ್ಟು, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಅಂಕೆಯ ಕೆಳಗೆ ಗೆರೆ ಎಳೆದರು: ೬.೨. "೫.೭ರ ಕೆಳಗಿದ್ದರೆ ಚಿಂತೆಯಿಲ್ಲ, ೬.೫ ಆದರೆ ಮಧುಮೇಹ. ನೀವು ಗಡಿಯಲ್ಲಿದ್ದೀರಿ" ಎಂದರು. ಗಡಿಯಲ್ಲಿ ನಾನೊಬ್ಬನೇ ಇಲ್ಲವೆಂಬುದು ಆಮೇಲೆ ತಿಳಿಯಿತು. ೨೦೨೩ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ ಮಧುಮೇಹಿಗಳು ೧೦.೧ ಕೋಟಿ, ಗಡಿಯಲ್ಲಿ ನಿಂತವರು ೧೩.೬ ಕೋಟಿ. ನಮ್ಮ ತಂದೆ ಆ ಗಡಿಯನ್ನು ದಾಟಿ ಹೋದವರು; ಕೊನೆಯ ನಾಲ್ಕು ವರ್ಷ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಆದುದರಿಂದ ಆ ಗೆರೆ ಎಳೆದ ಅಂಕೆಯನ್ನು ನಾನು ಮಡಿಸಿ ಜೇಬಿಗೆ ಹಾಕಿ ಮರೆಯುವಂತಿರಲಿಲ್ಲ.

ಅದೇ ವಾರ ಮಗಳಿಗೆ ಹೆರಿಗೆಯಾಯಿತು. ಅವಳು ಪುಣೆಯಲ್ಲಿ ಉದ್ಯೋಗದಲ್ಲಿದ್ದಾಳೆ, ತವರಿಗೆ ಬರಲಾಗಲಿಲ್ಲ. ಹೀಗಾಗಿ ತವರೇ ಅವಳಲ್ಲಿಗೆ ಹೋಯಿತು. ಬಾಣಂತನಕ್ಕೆಂದು ನಮ್ಮ ಮನೆಯವರು ಹೊರಟು ನಿಂತಾಗ ನನಗೆ ಕಾಫಿ ಮಾಡಲು ಬರುತ್ತಿತ್ತು. ಅದೂ ಹಾಲು ಉಕ್ಕಿಸದೆ ಅಲ್ಲ. ಮೊದಲ ಹತ್ತು ದಿನ ಹೋಟೆಲಿನಿಂದ ತರಿಸಿಕೊಂಡೆ. ಬಿಳಿ ಅನ್ನ, ಎಣ್ಣೆ ತೇಲುವ ಸಾಂಬಾರು, ಕರಿದ ಹಪ್ಪಳ, ಸಂಜೆಗೆ ಬೋಂಡ. ಗಡಿ ದಾಟಲು ಇದಕ್ಕಿಂತ ನೇರವಾದ ದಾರಿ ಬೇರೊಂದಿರಲಾರದು. ಹೀಗೆ ಒಂದೇ ತಿಂಗಳಲ್ಲಿ ನಾನು ಎರಡು ಶಾಲೆಗಳಿಗೆ ಒಂದನೆಯ ತರಗತಿಗೆ ಸೇರಬೇಕಾಯಿತು.

ಮೊದಲು ಸೈಕಲ್ಲಿನ ವಿಷಯ. ಸರಕಾರ ೨೦೦೬-೦೭ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತ್ತಲ್ಲವೆ? ಅದಾಗಿ ಎರಡು ವರ್ಷಕ್ಕೆ ನಮ್ಮ ಮಗಳಿಗೂ ಒಂದು ಬಂದಿತ್ತು. ಅವಳು ಕಾಲೇಜಿಗೆ ಹೋದ ಮೇಲೆ ಅದು ಹಿತ್ತಲಿನ ಸೌದೆಯ ಪಕ್ಕದಲ್ಲಿ ಧೂಳು ಹೊದ್ದು ಮಲಗಿತ್ತು. ಮುಂದಿನ ಅಡ್ಡಪಟ್ಟಿಯಿಲ್ಲದ ಹೆಂಗಸರ ಸೈಕಲ್ಲು. ನಾಚಿಕೆಯಾಗಲಿಲ್ಲವೆ ಎಂದು ಕೇಳಬೇಡಿ, ಆಯಿತು. ಆದರೆ ವಯಸ್ಸಾದವರಿಗೆ ಅದೇ ಒಳ್ಳೆಯದು. ಕಾಲನ್ನು ಹಿಂದಿನಿಂದ ಎತ್ತಿ ಹಾಕಬೇಕಾಗಿಲ್ಲ. ತೂಕ ತಪ್ಪಿದರೆ ತಕ್ಷಣ ನೆಲ ಸಿಗುತ್ತದೆ. ಹೊಸ ಸೈಕಲ್ಲಿಗೆ ಹತ್ತು ಹದಿನೈದು ಸಾವಿರ ಸುರಿದು, ಆಮೇಲೆ ಅದರ ಮೇಲೆ ಬಟ್ಟೆ ಒಣಹಾಕುವವರನ್ನು ನಾನು ನೋಡಿದ್ದೇನೆ. ಮನೆಯ ಮೂಲೆಯಲ್ಲಿ ಇರುವುದನ್ನು ಎತ್ತಿ ನಿಲ್ಲಿಸಿ, ಒಂದು ತಿಂಗಳು ತುಳಿದು ನೋಡಿ. ಅನಂತರ ಅಂಗಡಿಗೆ ಹೋಗಿ.

ಸೈಕಲ್ ಶಾಪಿನ ಸಾಯಬರು ಎರಡು ಟಯರು, ಟ್ಯೂಬು, ನಾಲ್ಕು ಬ್ರೇಕ್ ರಬ್ಬರು ಬದಲಾಯಿಸಿದರು. ಆಮೇಲೆ ನನ್ನನ್ನು ಹತ್ತಿಸಿ ಕೂರಿಸಿ, ದರ್ಜಿಯಂತೆ ಒಂದು ಕಣ್ಣು ಮುಚ್ಚಿ ಅಳೆದರು. "ಮೇಷ್ಟ್ರೇ, ಪ್ಯಾಡಲ್ ಕೆಳಗೆ ಬಂದಾಗ ಹಿಮ್ಮಡಿ ಅದರ ಮೇಲಿಡಿ. ಕಾಲು ನೆಟ್ಟಗಾಗಬೇಕು. ಮಡಿಸಿಕೊಂಡಿದ್ದರೆ ಸೀಟು ತಗ್ಗಾಯಿತು, ಮಂಡಿ ಹೋಗುತ್ತದೆ" ಎಂದು ಸೀಟನ್ನು ನಾಲ್ಕು ಬೆರಳು ಎತ್ತಿದರು. ತುಳಿಯುವಾಗ ಮಾತ್ರ ಪಾದದ ಮುಂಭಾಗವೇ ಪ್ಯಾಡಲ್ಲಿನ ಮೇಲಿರಬೇಕು. ಹೊಸಬರಲ್ಲಿ ಬಹಳ ಮಂದಿ ಕಾಲು ಪೂರ್ತಿ ನೆಲಕ್ಕೆ ಊರಲೆಂದು ಸೀಟನ್ನು ತಗ್ಗಿಸಿಕೊಂಡು, ಮಂಡಿ ನೋವು ತಂದುಕೊಂಡು, ಸೈಕಲ್ಲೇ ಸರಿಯಿಲ್ಲವೆನ್ನುತ್ತಾರೆ. ನೆಲಕ್ಕೆ ಕಾಲ್ಬೆರಳು ತಾಗಿದರೆ ಸಾಕು. ವಾರಕ್ಕೊಮ್ಮೆ ಗಾಳಿ ಹಿಡಿಸಿ. ಗಾಳಿ ಇಳಿದ ಚಕ್ರ ನಿಮ್ಮ ಅರ್ಧ ಶಕ್ತಿಯನ್ನು ತಿಂದುಹಾಕುತ್ತದೆ. ಚೈನಿಗೆ ನಾಲ್ಕು ತೊಟ್ಟು ಎಣ್ಣೆ ಬಿಟ್ಟು, ಹೆಚ್ಚಾದುದನ್ನು ಬಟ್ಟೆಯಿಂದ ಒರಸಿ. ಒರಸದಿದ್ದರೆ ನಮ್ಮೂರಿನ ಧೂಳೆಲ್ಲ ಅಲ್ಲೇ ಮನೆ ಮಾಡುತ್ತದೆ. ಹಿಂದೆ ಕೆಂಪು ದೀಪ, ತಲೆಗೆ ಹೆಲ್ಮೆಟ್ಟು ಇರಲಿ. ಈ ಎರಡರಲ್ಲಿ ಮಾತ್ರ ಜಿಪುಣತನ ಬೇಡ.

ಮೊದಲ ವಾರ ದಿನಕ್ಕೆ ಹದಿನೈದು ನಿಮಿಷ. ಎರಡನೆಯ ವಾರ ಇಪ್ಪತ್ತು. ಹೆದ್ದಾರಿಯನ್ನು ಬಿಟ್ಟು ಮೇಲೂರಿನ ಕಡೆಯ ಹಳ್ಳಿ ದಾರಿಗಳಲ್ಲಿ, ಹಿಪ್ಪುನೇರಳೆ ತೋಟ, ದ್ರಾಕ್ಷಿ ಚಪ್ಪರಗಳ ನಡುವೆ. ಉಸಿರು ಎಷ್ಟಿರಬೇಕು ಎಂಬುದಕ್ಕೆ ಗಡಿಯಾರ ಬೇಡ: ಪಕ್ಕದವರೊಡನೆ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ ೧೫೦ ನಿಮಿಷಗಳ ಇಂತಹ ಶ್ರಮವನ್ನು. ಐದು ದಿನ, ಅರ್ಧ ಗಂಟೆಯಂತೆ, ಅಷ್ಟೇ. ಇನ್ನೊಂದು ಗುಟ್ಟನ್ನು ಆಷಾಢದ ಗಾಳಿ ಕಲಿಸಿತು. ಆಗ ಗಾಳಿ ಪಡುವಣದಿಂದ ಬೀಸುತ್ತದೆ. ಮೂಡಣಕ್ಕೆ ಹೊರಟವನು ತಾನೇ ಭೀಮನೆಂದುಕೊಂಡು ಎರಡರಷ್ಟು ದೂರ ಹೋಗಿಬಿಡುತ್ತಾನೆ. ತಿರುಗಿ ಬರುವಾಗ ಗೊತ್ತಾಗುತ್ತದೆ ಭೀಮ ಯಾರೆಂದು. ಹೋಗುವಾಗ ಎದುರುಗಾಳಿ, ಬರುವಾಗ ಹಿಂಗಾಳಿ ಇರುವಂತೆ ಹೊರಡಿ.

ಇನ್ನು ಅಡುಗೆಮನೆ. ಇಲ್ಲಿ ನನ್ನ ಗುರು ಪಕ್ಕದ ಮನೆಯ ಅಜ್ಜಿ. ನಾನು ಮೊಬೈಲಿನಲ್ಲಿ ಯಾವುದೋ ದೇಶದ ಓಟ್ಸು, ಯಾವುದೋ ಹಣ್ಣಿನ ಎಣ್ಣೆ ಹುಡುಕುತ್ತಿದ್ದುದನ್ನು ಕಂಡು, "ಏನಪ್ಪಾ ಮೇಷ್ಟ್ರೇ, ಸಂತೇಲಿ ಸೊಪ್ಪು ಸಿಗಲಿಲ್ವಾ?" ಎಂದರು. ಅಂದು ಬಸ್ಸಾರು ಕಲಿಸಿದರು.

ಹೊಸಬನಿಗೆ ಬಸ್ಸಾರಿನಂತಹ ಅಡುಗೆ ಇನ್ನೊಂದಿಲ್ಲ. ಒಂದೇ ಪಾತ್ರೆಯಲ್ಲಿ ಎರಡು ಪದಾರ್ಥ. ಒಂದು ಹಿಡಿ ತೊಗರಿಬೇಳೆಯನ್ನೋ, ನೆನೆಸಿದ ಅಲಸಂದೆ ಕಾಳನ್ನೋ ಮುಕ್ಕಾಲು ಬೇಯಿಸಿ, ಹೆಚ್ಚಿದ ದಂಟಿನ ಸೊಪ್ಪೋ ಬೆರಕೆ ಸೊಪ್ಪೋ ಒಂದು ಕಟ್ಟು ಹಾಕಿ. ಸೊಪ್ಪು ಮೆತ್ತಗಾದ ಕೂಡಲೇ ಬಸಿಯಿರಿ. ಬಸಿದ ಕಟ್ಟನ್ನು ಚೆಲ್ಲಬೇಡಿ, ಹೆಸರು ಬಂದುದೇ ಅದರಿಂದ. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಮೆಣಸು, ಜೀರಿಗೆಗಳನ್ನು ಒಂದು ಚಮಚ ಎಣ್ಣೆಯಲ್ಲಿ ಬಾಡಿಸಿ, ಸ್ವಲ್ಪ ಕೊಬ್ಬರಿ, ಹುಣಿಸೆಹಣ್ಣು, ಬೆಂದ ಸೊಪ್ಪು-ಕಾಳಿನದೇ ಒಂದು ಹಿಡಿ ಸೇರಿಸಿ ರುಬ್ಬಿ, ಆ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ತರಕಾರಿ ಬೇಯಿಸಿದ ನೀರಿಗೆ ಅದರ ಜೀವಸತ್ವಗಳಲ್ಲಿ ಕೆಲವೂ ಲವಣಾಂಶವೂ ಇಳಿದುಹೋಗುತ್ತವೆ, ಅದನ್ನು ಚೆಲ್ಲಬಾರದು ಎಂದು ಪೋಷಣಶಾಸ್ತ್ರ ಹೇಳುತ್ತದೆ. ಅಜ್ಜಿ ಆ ಶಾಸ್ತ್ರ ಓದಿದವರಲ್ಲ.

ಮುದ್ದೆಯಲ್ಲಿ ಮಾತ್ರ ನಾನು ಮೂರು ಸಲ ನಪಾಸಾದೆ. ಮುರಿದರೆ ಒಳಗೆ ಬಿಳಿಯ ಹಿಟ್ಟಿನ ಗಂಟುಗಳು. "ಎಸರು ಕೊತಕೊತ ಕುದೀಬೇಕು ಕಣಪ್ಪ, ಹಿಟ್ಟು ಹಾಕಿದ್ ಕೂಡ್ಲೇ ಕೋಲಾಡಿಸ್ಬೇಡ" ಎಂದರು ಅಜ್ಜಿ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು, ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಬಿಡುವುದು, ಅದು ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಒಂದು ತೂತು ಮಾಡಿ, ಸಣ್ಣ ಉರಿಯಲ್ಲಿ ಐದು ನಿಮಿಷ ಮುಚ್ಚಿ ಬೇಯಿಸುವುದು, ತಿರುವುವುದು ಆಮೇಲೆ. ನಾಲ್ಕನೆಯ ಮುದ್ದೆ ಗುಂಡಗೆ ಬಂದಾಗ ಅದರ ಫೋಟೋ ತೆಗೆದು ಪುಣೆಗೆ ಕಳುಹಿಸಿದೆ.

ರಾಗಿಯ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮೀರಿ ಸುಣ್ಣಾಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ನಾರೂ ಹೆಚ್ಚು. ಇದೆಲ್ಲ ನಿಜ. ಆದರೆ ರಾಗಿ ತಿಂದರೆ ಸಕ್ಕರೆ ಏರುವುದೇ ಇಲ್ಲ ಎಂಬುದು ನಿಜವಲ್ಲ. ಅದೂ ಬಹುಪಾಲು ಪಿಷ್ಟವೇ. ನುಣ್ಣಗೆ ಬೀಸಿದಷ್ಟೂ ಬೇಗ ಅರಗುತ್ತದೆ. ಆರೋಗ್ಯಕ್ಕೆಂದು ಎರಡು ದೊಡ್ಡ ಮುದ್ದೆ ಇಳಿಸುವವರನ್ನು ಕಂಡಿದ್ದೇನೆ, ನಾನೂ ಅವರಲ್ಲೊಬ್ಬನಾಗಿದ್ದೆ. ಈಗ ಮುದ್ದೆ ಕಿತ್ತಳೆ ಹಣ್ಣಿನಷ್ಟು, ಪಲ್ಯ ತಟ್ಟೆಯ ಅರ್ಧದಷ್ಟು. ಉಪ್ಪು ದಿನಕ್ಕೆ ಐದು ಗ್ರಾಮಿನೊಳಗೆ, ಎಂದರೆ ಉಪ್ಪಿನಕಾಯಿ ಹಪ್ಪಳಗಳನ್ನೂ ಸೇರಿಸಿ ಒಂದು ಸಮ ಚಮಚದೊಳಗೆ. ಇದು ನನಗೆ ಇನ್ನೂ ಪೂರ್ತಿ ಒಲಿದಿಲ್ಲ. ಉಪ್ಪಿನಕಾಯಿಯ ಜಾಡಿ ನನ್ನ ಕೈಗೆಟುಕುವಷ್ಟೇ ಎತ್ತರದಲ್ಲಿದೆ.

ಐದನೆಯ ವಾರದಲ್ಲಿ ನನಗೆ ಸೊಕ್ಕು ಬಂತು. ಭಾನುವಾರದ ಬೆಳಗುಗಳಲ್ಲಿ ಬೆಂಗಳೂರಿನಿಂದ ಬಣ್ಣಬಣ್ಣದ ಅಂಗಿ ತೊಟ್ಟವರು ನಂದಿಬೆಟ್ಟ ಹತ್ತಲು ಸಾಲುಸಾಲಾಗಿ ಬರುವುದನ್ನು ನೀವು ನೋಡಿರಬಹುದು. ಅವರು ಅಷ್ಟು ದೂರದಿಂದ ಬರುವುದಾದರೆ ಪಕ್ಕದ ಊರಿನ ನನಗೇನು ಎಂದುಕೊಂಡೆ. ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ ೧,೪೭೮ ಮೀಟರು. ನಮ್ಮೂರಿಗಿಂತ ಸುಮಾರು ಆರುನೂರು ಮೀಟರು ಮೇಲೆ. ನಸುಕಿನಲ್ಲಿ ಹೊರಟು, ಚಿಕ್ಕಬಳ್ಳಾಪುರ ದಾಟಿ, ನಂದಿ ಗ್ರಾಮದ ಭೋಗನಂದೀಶ್ವರನಿಗೆ ಕೈಮುಗಿದು ಏರು ಹಿಡಿಯುವ ಹೊತ್ತಿಗೇ ತೊಡೆ ನಡುಗುತ್ತಿತ್ತು. ಎರಡು ತಿರುವು ತುಳಿದೆ, ಮೂರನೆಯದರಲ್ಲಿ ತಳ್ಳಿದೆ, ನಾಲ್ಕನೆಯದರಲ್ಲಿ ಕುಳಿತೆ. ಒಬ್ಬ ಹುಡುಗ ನಿಂತು ನೀರು ಕೊಟ್ಟು, "ಸರ್, ಗೇರ್ ಇಲ್ದೇ ಇದು ಕಷ್ಟ, ಇಳಿಯೋವಾಗ ಬ್ರೇಕ್ ನೋಡ್ಕೊಳ್ಳಿ" ಎಂದು ಹೇಳಿ ಹೋದ. ಸರಕಿನ ಆಟೋದಲ್ಲಿ ಕೋಸಿನ ಮೂಟೆಗಳ ನಡುವೆ ಸೈಕಲ್ಲೂ ನಾನೂ ಊರು ಸೇರಿದೆವು. ಮುಂದಿನ ಎಂಟು ದಿನ ಮಂಡಿಗೆ ಎಣ್ಣೆ. ನಷ್ಟವಾದುದು ಮಾನವಲ್ಲ, ಆ ಎಂಟು ದಿನಗಳು. ಒಂದು ದಿನದ ಬೆಟ್ಟದಾಸೆಗೆ ಎಂಟು ದಿನದ ಅರ್ಧರ್ಧ ಗಂಟೆ ಹೋಯಿತು. ಆ ನಂತರ ನನ್ನ ಅತಿ ದೊಡ್ಡ ಯಾತ್ರೆ ಮುದ್ದೇನಹಳ್ಳಿಯವರೆಗೆ, ಮೂರನೆಯ ತಿಂಗಳಲ್ಲಿ. ಅಲ್ಲಿ ಹುಟ್ಟಿ, ಮಿತವಾಗಿ ಉಂಡು, ನೂರು ದಾಟಿ ಬದುಕಿದ ವಿಶ್ವೇಶ್ವರಯ್ಯನವರ ಸಮಾಧಿಯ ಬಳಿ ಕುಳಿತು ಬುತ್ತಿ ಬಿಚ್ಚಿದೆ.

ಸೈಕಲ್ ತುಳಿದೆವೆಂದು ಏನು ಬೇಕಾದರೂ ತಿನ್ನಬಹುದೆಂಬ ಲೆಕ್ಕವನ್ನೂ ನಾನು ಹಾಕಿ ನೋಡಿದ್ದೇನೆ. ನನ್ನ ತೂಕದವನು ನಿಧಾನವಾಗಿ ಒಂದು ಗಂಟೆ ತುಳಿದರೆ ಖರ್ಚಾಗುವುದು ಸುಮಾರು ೨೫೦ರಿಂದ ೩೫೦ ಕ್ಯಾಲೊರಿ. ದಾರಿಯಲ್ಲಿ ನಿಂತು ಒಂದು ಮಸಾಲೆ ದೋಸೆ ತಿಂದರೆ ಅಷ್ಟೂ ಮರಳಿ ಜಮೆಯಾಗುತ್ತದೆ. ಸೈಕಲ್ಲು ಒಲೆಯ ಕೆಲಸವನ್ನು ಮಾಡಲಾರದು, ಒಲೆ ಸೈಕಲ್ಲಿನ ಕೆಲಸವನ್ನು ಮಾಡಲಾರದು. ಎರಡನ್ನೂ ಒಟ್ಟಿಗೆ ಹಿಡಿಯಬೇಕಾದುದು ಇದಕ್ಕೇ. ಈಗಾಗಲೇ ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಎದೆನೋವು ಕಂಡವರು ಮಾತ್ರ ವೈದ್ಯರನ್ನು ಕೇಳದೆ ಆರಂಭಿಸಬಾರದು. ಶ್ರಮದಿಂದ ಸಕ್ಕರೆ ತಟ್ಟನೆ ಇಳಿಯುವುದುಂಟು.

ನಾಲ್ಕು ತಿಂಗಳಿಗೆ ಮತ್ತೆ ರಕ್ತ ಕೊಟ್ಟೆ. ೫.೮. ಗಡಿಯ ಒಳಗೇ ಇದ್ದೇನೆ, ಆದರೆ ಮುಖ ಈಚೆ ತಿರುಗಿದೆ. ವೈದ್ಯರು ಈ ಸಲ ಗೆರೆ ಎಳೆಯಲಿಲ್ಲ.

ಮನೆಯವರು ಪುಣೆಯಿಂದ ಬಂದ ದಿನ ಬಸ್ಸಾರು ಮಾಡಿ ಬಡಿಸಿದೆ. ಉಂಡು, "ಹುಣಿಸೆಹಣ್ಣು ಸ್ವಲ್ಪ ಮುಂದಾಯಿತು" ಎಂದರು. ಎರಡನೆಯ ಸಲವೂ ಹಾಕಿಸಿಕೊಂಡರು. ಕೈ ತೊಳೆದು ಹಿತ್ತಲಿಗೆ ಹೋದವರು ಸೈಕಲ್ಲಿನ ಮುಂದೆ ಬಹಳ ಹೊತ್ತು ನಿಂತಿದ್ದರು. ಮಗಳು ಕಲಿಯುವಾಗ ಕ್ಯಾರಿಯರು ಹಿಡಿದುಕೊಂಡು ಹಿಂದೆ ಓಡಿದವರು ಅವರೇ. "ರೀ, ಇದು ಹೆಂಗಸರ ಸೈಕಲ್ಲಲ್ಲವೇ? ನನಗೊಂದು ದಿನವೂ ಹತ್ತು ಅಂತ ಯಾರೂ ಹೇಳಲೇ ಇಲ್ಲ" ಎಂದರು. ಯಾರೂ ಎಂದರೆ ಯಾರೆಂಬುದು ನನಗೆ ತಿಳಿಯಿತು.

ಮರುದಿನವೇ ಸಾಯಬರು ಎರಡು ಪ್ಯಾಡಲ್ಲುಗಳನ್ನೂ ಬಿಚ್ಚಿಕೊಟ್ಟರು. ದೊಡ್ಡವರಿಗೆ ಕಲಿಸಲು ಇದೇ ಸುಲಭ ದಾರಿ: ಸೀಟನ್ನು ಎರಡು ಪಾದವೂ ನೆಲಕ್ಕೆ ಊರುವಷ್ಟು ತಗ್ಗಿಸಿ, ಇಳಿಜಾರಿನಲ್ಲಿ ಕಾಲಿನಿಂದ ನೆಲ ತಳ್ಳಿಕೊಂಡು ಜಾರುವುದು. ಸಮತೂಕ ಬಂದ ಮೇಲೆ ಪ್ಯಾಡಲ್ಲು. ಸೀಟನ್ನು ಎತ್ತುವುದು ಅದಕ್ಕೂ ಮೇಲೆ. ಹಿಂದೆ ಹಿಡಿದು ಓಡುವವರ ಅಗತ್ಯವಿಲ್ಲ. ಶಾಲೆಯ ಮೈದಾನದಲ್ಲಿ, ಬೆಳಕು ಹರಿಯುವ ಮುಂಚೆ, ಸೆರಗನ್ನು ಸೊಂಟಕ್ಕೆ ಬಿಗಿದು ಅವರು ಐದು ದಿನ ಜಾರಿದರು. ಒಂಬತ್ತನೆಯ ದಿನ ಮೈದಾನದ ಆ ಕೊನೆಯವರೆಗೆ ತುಳಿದು ಹೋದರು. ತಿರುಗಿಸಲು ಬಾರದೆ ಇಳಿದು, ಸೈಕಲ್ಲನ್ನು ಕೈಯಿಂದ ತಿರುಗಿಸಿ, ಮತ್ತೆ ಹತ್ತಿ ಬಂದರು.

ಈಗ ಒಂದು ತೊಡಕಾಗಿದೆ. ಅವರ ಸೀಟಿನ ಎತ್ತರ ಬೇರೆ, ನನ್ನದು ಬೇರೆ. ದಿನವೂ ಸ್ಪ್ಯಾನರು ಹಿಡಿಯುವುದಾಗಿದೆ. ಇನ್ನೊಂದು ಹಳೆಯ ಸೈಕಲ್ಲು ನೋಡಿಡುತ್ತೇನೆಂದು ಸಾಯಬರು ಹೇಳಿದ್ದಾರೆ. ಅವರೆಕಾಯಿ ಸುಗ್ಗಿಯ ಹೊತ್ತಿಗೆ ಸಿಗಬಹುದು.