ತೊಟ್ಟಿಲು ಮತ್ತು ಕುಂಚ

ಮನೆಯ ಹೆಣ್ಣುಮಗಳು ತಂಬೂರಿಯ ಶ್ರುತಿ ಕೂಡಿಸಿಕೊಂಡು ಕುಳಿತರೆ ಮನೆಮಂದಿ ದನಿ ತಗ್ಗಿಸಿ ಮಾತನಾಡುತ್ತಾರೆ. ಅಭ್ಯಾಸ ನಡೆಯುತ್ತಿದೆ ಎಂಬುದು ಕಿವಿಗೇ ತಿಳಿಯುತ್ತದೆ. ಅದೇ ಹೆಣ್ಣುಮಗಳು ಬಣ್ಣ ಬಳಿದ ಕ್ಯಾನ್‌ವಾಸಿನ ಮುಂದೆ ಕುಂಚ ಹಿಡಿದು ಕಾಲು ಗಂಟೆ ಸುಮ್ಮನೆ ನಿಂತರೆ? "ಸುಮ್ಮನೆ ನಿಂತಿದ್ದೀಯಲ್ಲ, ಮಗುವನ್ನು ಸ್ವಲ್ಪ ನೋಡಿಕೊಳ್ಳಮ್ಮ" ಎಂಬ ಮಾತು ಅಡುಗೆಮನೆಯಿಂದ ಬರುತ್ತದೆ. ಹೇಳಿದವರ ಮೇಲೆ ಕೋಪಿಸಿಕೊಂಡು ಫಲವಿಲ್ಲ. ಅವರ ಕಣ್ಣಿಗೆ ಅಲ್ಲಿ ಯಾವ ಕೆಲಸವೂ ನಡೆಯುತ್ತಿಲ್ಲ.

ಅಮೂರ್ತ ಚಿತ್ರ ಬರೆಯುವ ತಾಯಂದಿರ ತೊಡಕು ಇರುವುದು ಇಲ್ಲಿಯೇ. ಗಣಪತಿಯ ಚಿತ್ರವಾದರೆ ಸೊಂಡಿಲು ಇನ್ನೂ ಬಂದಿಲ್ಲವೆಂದು ಮಗುವಿಗೂ ಗೊತ್ತಾಗುತ್ತದೆ. ಮುಗಿಯಲಿ ಎಂದು ಎಲ್ಲರೂ ಕಾಯುತ್ತಾರೆ. ಅಮೂರ್ತ ಚಿತ್ರದಲ್ಲಿ ಮರವಿಲ್ಲ, ಮುಖವಿಲ್ಲ. ಒಂದು ಬಣ್ಣದ ಪಕ್ಕದಲ್ಲಿ ಇನ್ನೊಂದು ಬಣ್ಣ ಸಮತೂಕದಲ್ಲಿ ನಿಲ್ಲಬೇಕು. ನಿಂತಿತೋ ಇಲ್ಲವೋ ಬರೆಯುವವಳಿಗೆ ಮಾತ್ರ ತಿಳಿದೀತು. ಆದ್ದರಿಂದ ನೋಡುತ್ತ ನಿಲ್ಲುವುದೇ ಅಲ್ಲಿ ಅರ್ಧ ಕೆಲಸ. ನಡುವೆ ಕರೆದರೆ ಚಿತ್ರದಲ್ಲಿ ಏನೂ ಕೆಟ್ಟಂತೆ ಕಾಣುವುದಿಲ್ಲ. ಮನಸ್ಸಿನಲ್ಲಿ ಕಟ್ಟಿಕೊಂಡದ್ದು ಮಾತ್ರ ಚೆದುರಿಹೋಗುತ್ತದೆ.

ಈ ಬಗೆಯ ಕಲೆ ನಮ್ಮ ಮನೆಗಳಿಗೆ ಹೊರಗಿನದೆಂದು ತಿಳಿಯಬೇಕಾಗಿಲ್ಲ. ಜಯನಗರದಲ್ಲೋ ಬನಶಂಕರಿಯಲ್ಲೋ ಬೆಳಗ್ಗೆ ಬಾಗಿಲ ಮುಂದೆ ಚುಕ್ಕಿಯಿಟ್ಟು ಎಳೆ ಸುತ್ತಿದ ರಂಗೋಲಿಯನ್ನು ಕಂಡು, "ಇದು ಯಾವುದರ ಚಿತ್ರ?" ಎಂದು ಯಾರೂ ಕೇಳುವುದಿಲ್ಲ. ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಬಟ್ಟೆಗಳ ತುಂಡು ಜೋಡಿಸಿ ಹೊಲಿಯುವ ಕೌದಿಯೂ ಅಂಥದೇ. ಉಕ್ರೇನಿನಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ನೆಲೆಸಿದ್ದ ಚಿತ್ರಗಾರ್ತಿ ಸೋನಿಯಾ ಡೆಲೋನೆ, ೧೯೧೧ರಲ್ಲಿ ಹುಟ್ಟಿದ ತಮ್ಮ ಮಗನಿಗೆ, ತಾವು ಕಂಡಿದ್ದ ರೈತರ ಮನೆಗಳ ರೂಢಿಯಂತೆ, ಬಣ್ಣಬಣ್ಣದ ತುಂಡು ಬಟ್ಟೆಗಳಿಂದ ಹೊದಿಕೆಯೊಂದನ್ನು ಹೊಲಿದರು. ಆ ತುಂಡುಗಳ ಜೋಡಣೆಯೇ ಅವರ ಅಮೂರ್ತ ಚಿತ್ರಗಳಿಗೆ ದಾರಿ ತೋರಿಸಿತು. ಮಗುವಿನ ಆ ಹೊದಿಕೆ ಇಂದು ಪ್ಯಾರಿಸಿನ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ.

ಅಷ್ಟು ದೂರವೇಕೆ? ಭದ್ರಾವತಿಯಲ್ಲಿ ೧೯೫೭ರಲ್ಲಿ ಹುಟ್ಟಿದ ಶೀಲಾ ಗೌಡರು ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಆರ್. ಎಂ. ಹಡಪದ ಅವರ ಬಳಿ ಕಲಿತು, ಶಾಂತಿನಿಕೇತನದಲ್ಲೂ ಲಂಡನ್ನಿನಲ್ಲೂ ಅಭ್ಯಾಸ ಮಾಡಿ ಬಂದವರು. ತೈಲವರ್ಣದಲ್ಲಿ ಚಿತ್ರ ಬರೆಯುತ್ತಿದ್ದ ಅವರು ೧೯೯೦ರ ದಶಕದಲ್ಲಿ ಸಗಣಿ, ದಾರ, ಸೂಜಿ, ಕುಂಕುಮಗಳನ್ನು ಕೈಗೆತ್ತಿಕೊಂಡರು. ೧೯೯೮ರ ಅವರ ಕೃತಿಯೊಂದರಲ್ಲಿ, ಸೂಜಿಗಳ ಕಣ್ಣಿನಲ್ಲಿ ಪೋಣಿಸಿದ ಉದ್ದುದ್ದ ದಾರಗಳೇ ಕುಂಕುಮ ಮೆತ್ತಿದ ಕೆಂಪು ಹಗ್ಗಗಳಾಗಿ ಗೋಡೆಗೂ ನೆಲಕ್ಕೂ ಹರಿದಿವೆ. ಹೆಂಗಸರು ದಿನವೂ ಮುಟ್ಟುವ ಸಾಮಗ್ರಿ ಲೋಕ ಮೆಚ್ಚುವ ಕಲೆಯಾಗಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಸಾಮಗ್ರಿಯೇನೋ ಮನೆಯಲ್ಲಿದೆ, ಹೊತ್ತು ಎಲ್ಲಿದೆ? ಇಂಗ್ಲೆಂಡಿನ ಅಮೂರ್ತ ಶಿಲ್ಪಿ ಬಾರ್ಬರಾ ಹೆಪ್‌ವರ್ತ್ ಅವರಿಗೆ ಮೊದಲೇ ಒಬ್ಬ ಮಗನಿದ್ದ; ೧೯೩೪ರಲ್ಲಿ ಒಂದೇ ಹೆರಿಗೆಯಲ್ಲಿ ಮೂವರು ಮಕ್ಕಳಾದರು. ಯುದ್ಧಕಾಲದಲ್ಲಿ ಕಾರ್ನ್‌ವಾಲಿನಲ್ಲಿ ಹಗಲೆಲ್ಲ ಮನೆ, ಮಕ್ಕಳು. ರಾತ್ರಿ ಮಾತ್ರ ಚಿತ್ರ ಬರೆಯುವ ಬಿಡುವು. ದಿನಕ್ಕೆ ಅರ್ಧ ಗಂಟೆಯಾದರೂ ಕೆಲಸ ಮಾಡಿದರೆ ರೂಪಗಳು ಮನಸ್ಸಿನಲ್ಲಿ ಬೆಳೆಯುತ್ತ ಹೋಗುತ್ತವೆ ಎಂಬುದು ಅವರ ಅನುಭವ. ಆದರೆ ಇನ್ನೊಂದು ಮಾತನ್ನೂ ಮರೆಯಬಾರದು: ಆ ಮೂರು ಕೂಸುಗಳನ್ನು ಕೆಲವು ಕಾಲ ನೋಡಿಕೊಳ್ಳಲು ಹತ್ತಿರದ ಶಿಶುಪಾಲನಾ ಸಂಸ್ಥೆಯ ನೆರವಿತ್ತು. ಬರಿಯ ಛಲದಿಂದ ನಡೆಯುವ ಕೆಲಸವಲ್ಲ ಇದು.

ನಮ್ಮಲ್ಲಿ ವಕೀಲನಾದ ಮಗ ಮೊದಲ ಕೆಲವು ವರ್ಷ ಬಿಡಿಗಾಸು ತರದಿದ್ದರೂ "ಪ್ರಾಕ್ಟೀಸು ಮಾಡುತ್ತಿದ್ದಾನೆ" ಎನ್ನುತ್ತೇವೆ. ಚಿತ್ರ ಮಾರಾಟವಾಗದ ಸೊಸೆಯದಾದರೆ ಅದಕ್ಕೆ ಹವ್ಯಾಸವೆಂದು ಹೆಸರು. ಜನವರಿಯಲ್ಲಿ ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಗೆ ಹೋದವರು ನೋಡಿರಬಹುದು: ದೇವರ ಪಟದ ಮುಂದೆ ನಿಂತವರು ಬೆಲೆ ಕೇಳುತ್ತಾರೆ, ಅಮೂರ್ತ ಚಿತ್ರದ ಮುಂದೆ ನಿಂತವರು ಅರ್ಥ ಕೇಳುತ್ತಾರೆ. ಕೊಳ್ಳುವವರು ಬರುವವರೆಗೆ ಆಕೆಯನ್ನು ಕಾಯಬೇಕಾದದ್ದು ಮನೆಯೇ.

ಮನೆ ಮಾಡಬಹುದಾದದ್ದು ದೊಡ್ಡದಲ್ಲ. ೩೦ ಅಡಿ ಅಗಲ ೪೦ ಅಡಿ ಉದ್ದದ ನಿವೇಶನದಲ್ಲಿ ಕಟ್ಟಿದ ಮನೆಯಲ್ಲೂ ದೇವರಿಗೊಂದು ಜಾಗವಿರುತ್ತದೆ. ಅಲ್ಲಿ ತರಕಾರಿ ಚೀಲ ಇಡುವವರಿಲ್ಲ. ಬೆಳಕು ಬೀಳುವ ಒಂದು ಮೂಲೆಯನ್ನು ಹಾಗೆಯೇ ಬಿಟ್ಟುಕೊಟ್ಟರಾಯಿತು. ಗಾಳಿಯಾಡುವ ಮೂಲೆಯಾಗಿರಲಿ. ಟರ್ಪೆಂಟೈನ್ ಆವಿ ಹಸುಗೂಸಿಗೆ ಒಳ್ಳೆಯದಲ್ಲ. ಕೆಲವು ಬಣ್ಣಗಳಲ್ಲಿ ಸೀಸವೋ ಕ್ಯಾಡ್ಮಿಯಮ್ಮೋ ಇರುವುದುಂಟು. ಅವು ಮಗುವಿನ ಕೈಗೆ ಎಟುಕದ ಎತ್ತರದಲ್ಲಿರಬೇಕು. ಎತ್ತಿಕೊಳ್ಳುವ ಮೊದಲು ತಾಯಿ ಕೈ ತೊಳೆಯಬೇಕು. ತೈಲವರ್ಣ ಒಣಗಲು ದಿನಗಳು ಬೇಕಾದ್ದರಿಂದ ಅದು ತಾಯಿಗಾಗಿ ಕಾಯುತ್ತದೆ. ಅಕ್ರಿಲಿಕ್ ನಿಮಿಷಗಳಲ್ಲಿ ಒಣಗುತ್ತದೆ, ಆದರೆ ಟರ್ಪೆಂಟೈನ್ ಬೇಡುವುದಿಲ್ಲ. ಎರಡೂ ಕೂಡದ ತಿಂಗಳುಗಳಲ್ಲಿ ಸಣ್ಣ ಕಾಗದ, ನೀರುಬಣ್ಣ ಸಾಕು. ಚಿತ್ರ ಕಿರಿದಾದರೆ ಕಲೆ ಕಿರಿದಾಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಗೊತ್ತುಮಾಡಿದ ಒಂದು ಹೊತ್ತು. ಮಗುವನ್ನು ಶಾಲೆಯ ವ್ಯಾನು ಹತ್ತಿಸಿದ ಮೇಲಿನ ಒಂದು ಗಂಟೆಯೋ, ಅಜ್ಜ ಮೊಮ್ಮಗನನ್ನು ಪಾರ್ಕಿಗೆ ಕರೆದೊಯ್ಯುವ ಸಂಜೆಯೋ, ಯಾವುದಾದರೂ ಸರಿ. ಅದು ಪ್ರತಿದಿನವೂ ಆಕೆಯದಾಗಿರಬೇಕು. ಆ ಹೊತ್ತಿನಲ್ಲಿ ಆಕೆ ಸುಮ್ಮನೆ ನಿಂತಿದ್ದರೂ ಕರೆಯಬೇಡಿ. ಮಗು ಎದ್ದರೆ ಎತ್ತಿಕೊಳ್ಳಲು ಮನೆಯಲ್ಲಿ ಇನ್ನೂ ತೋಳುಗಳಿವೆ. ಆ ಚಿತ್ರ ಎಲ್ಲಿಗೆ ಬಂತೆಂದು ಬಲ್ಲವಳು ಅವಳೊಬ್ಬಳೇ.